ರಸೀದಿಗೆ ನಂಬರಿಲ್ಲ, ಕಲ್ಯಾಣಿಗೆ ದಿಕ್ಕಿಲ್ಲ: ದೇವಸ್ಥಾನದ ಲೆಕ್ಕ ಯಾರನ್ನ ಕೇಳೋದು?

ಮಂಡಿ ಗುಮಾಸ್ತ (ದಾವಣಗೆರೆ)

ಎಲ್ಲರಿಗೂ ಶರಣು. ಮೊದಲೇ ಹೇಳಿಬಿಡ್ತೀನಿ, ದೇವರ ಮೇಲೆ ನನ್ನದೇನೂ ತಕರಾರಿಲ್ಲ. ನಾನು ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯೋನು. ತೂಕದ ಚೀಟಿ, ಹಮಾಲಿ, ದಲ್ಲಾಳಿ ಪಟ್ಟಿ, ಇದರಲ್ಲೇ ದಿನ ಕಳೆಯುತ್ತೆ. ಕೈಗೆ ಯಾವ ಕಾಗದ ಬಂದ್ರೂ ಮೊದಲು ನಂಬರ್ ನೋಡೋದು ಚಟ. ಈ ಪ್ರಶ್ನೆ ಹುಟ್ಟಿದ್ದೂ ಆ ಚಟದಿಂದಲೇ.

ಶ್ರಾವಣದಲ್ಲಿ ತಂಗಿ ಮಗನ ಜವಳ ಇತ್ತು. ನಮ್ಮ ಮನೆದೇವ್ರು ಚಿತ್ರದುರ್ಗ ಜಿಲ್ಲೆಯ ಒಂದು ಬೆಟ್ಟದ ಮೇಲಿದಾನೆ. ಹೆಸರು ಹಾಕಲ್ಲ. ಹಾಕಿದ್ರೆ ಮೊದಲ ಹತ್ತು ಉತ್ತರ ಬೈಗುಳಕ್ಕೇ ಖರ್ಚಾಗ್ತವೆ, ಅಲ್ಲದೆ ಇಂಥ ಜಾಗ ಅದೊಂದೇ ಏನಲ್ಲ. ಮುಜರಾಯಿಗೆ, ಅಂದ್ರೆ ಸರ್ಕಾರದ ದೇವಸ್ಥಾನ ಇಲಾಖೆಗೆ ಸೇರಿದ್ದು. ಸೋಮವಾರ, ಅಮಾವಾಸ್ಯೆ ಬಂತಂದ್ರೆ ಟಾಟಾ ಏಸು, ಟ್ರ್ಯಾಕ್ಟರು, ಟಿಟಿ ಎಲ್ಲ ಬಂದು ಬೆಟ್ಟದ ಬುಡದಲ್ಲಿ ಕಾಲಿಡೋಕೆ ಜಾಗ ಇರಲ್ಲ.

ಊರು ಒಳಗೆ ಹೋಗ್ತಿದ್ದಂಗೆ ಇಬ್ಬರು ಹುಡುಗರು ರಸ್ತೆಗೆ ಅಡ್ಡ ಹಗ್ಗ ಹಿಡಿದು ನಿಂತಿದ್ರು. ಗಾಡಿಗೆ ಅರವತ್ತು ರೂಪಾಯಿ. ಚೀಟಿ ಕೇಳಿದ್ದಕ್ಕೆ ಗುಲಾಬಿ ಬಣ್ಣದ ಒಂದು ತುಂಡು ಕೊಟ್ಟ. ಅದರಲ್ಲಿ ರಬ್ಬರ್ ಸ್ಟಾಂಪು ಬಿಟ್ರೆ ನಂಬರಿಲ್ಲ, ತಾರೀಖಿಲ್ಲ, ಮೊತ್ತ ಪೆನ್ನಲ್ಲಿ ಗೀಚಿದ್ದು. ಹೋಗ್ಲಿ. ಹಣ್ಣುಕಾಯಿ ಬುಟ್ಟಿ ನೂರೈವತ್ತು. ಜವಳದ ಟಿಕೆಟ್ ಐವತ್ತು, ಕೂದಲು ತೆಗೆಯೋರು ಕೈಯಲ್ಲಿ ಕತ್ತಿ ಹಿಡ್ಕೊಂಡೇ ಇನ್ನೂರು ಅಂದ್ರು. ಮಗು ಅಳ್ತಾ ಇತ್ತು, ಅರ್ಧ ತಲೆ ಆಗಿತ್ತು, ಯಾರು ವಾದ ಮಾಡ್ತಾರೆ? ಕೊಟ್ವಿ. (ಅವರಿಗೆ ಸಂಬಳ ಇಲ್ಲವಂತೆ, ಟಿಕೆಟಿನ ದುಡ್ಡಲ್ಲಿ ಪಾಲೂ ಇಲ್ಲವಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ.)

ಆಮೇಲೆ ವಿಶೇಷ ದರ್ಶನ. ತಲೆಗೆ ನೂರು. ಅವ್ವಗೆ ಮೊಣಕಾಲು ನೋವು, ಕ್ಯೂನಲ್ಲಿ ನಿಲ್ಲೋಕಾಗಲ್ಲ ಅಂತ ಐದು ಜನಕ್ಕೆ ಐನೂರು ಕೊಟ್ಟೆ. ಕೌಂಟರಿನಲ್ಲಿದ್ದೋರು ಪುಸ್ತಕದಿಂದ ಹರಿದು ಒಂದು ರಸೀದಿ ಕೊಟ್ರು. ‘ಕ್ರ.ಸಂ.’ ಅಂತ ಅಚ್ಚಾಗಿದೆ, ಅದರ ಮುಂದೆ ಬರೀ ಚುಕ್ಕಿ ಸಾಲು. ಕೌಂಟರ್ ಸಂದಿಯಿಂದ ಬಗ್ಗಿ ನೋಡಿದ್ರೆ ಕಾರ್ಬನ್ ಹಾಳೆ ಪುಸ್ತಕದ ಹಿಂದಗಡೆ ಮಡಚಿ ಇಟ್ಟಿತ್ತು. ಅಂದ್ರೆ ನನ್ನ ಐನೂರು ರೂಪಾಯಿಗೆ ಅಡಿಪ್ರತಿನೇ ಇಲ್ಲ. ನಮ್ಮ ಮಂಡಿಯಲ್ಲಿ ತೂಕದ ಚೀಟಿ ಕೊಡದೆ ಒಂದು ಲೋಡ್ ಜೋಳ ಇಳಿಸ್ಕೊಂಡು ನೋಡ್ಲಿ, ರೈತರು ಅಂಗಡಿ ಬಾಗಿಲಿಗೆ ಕೂತುಬಿಡ್ತಾರೆ. ಇಲ್ಲಿ ಕೇಳಿದ್ದಕ್ಕೆ ‘ದೇವ್ರ ದುಡ್ಡಿಗೂ ಲೆಕ್ಕನಾ ಸಾರ್’ ಅಂತ ನಕ್ಕರು. ಹಿಂದಿದ್ದೋರೂ ನಕ್ಕರು. ಇನ್ನು ಆ ನೂರು ರೂಪಾಯಿ ಸಾಲು ಗರ್ಭಗುಡಿಗೆ ಹತ್ತು ಮಾರು ಇರೋವಾಗ ಧರ್ಮದರ್ಶನದ ಸಾಲಿಗೇ ಹೋಗಿ ಸೇರುತ್ತೆ! ಒಳಗೆ ಎಲ್ಲರಿಗೂ ಒಂದೇ ತಳ್ಳಾಟ, ಒಂದೇ ‘ಮುಂದ್ ಹೋಗ್ರಿ, ಮುಂದ್ ಹೋಗ್ರಿ’.

ನಿಜವಾಗಿ ಬೇಜಾರಾಗಿದ್ದು ಮೆಟ್ಟಿಲ ಹತ್ರ. ಹಳೇ ಕಲ್ಲಿನ ಮೆಟ್ಟಿಲ ಮೇಲೆ ಈಗ ಗ್ರಾನೈಟ್ ಹಾಸಿದಾರೆ. ನುಣ್ಣಗಿರೋದು, ಎಣ್ಣೆ ನೀರು ಬಿದ್ರೆ ಜಾರೋದು. ಒಂದೊಂದು ಮೆಟ್ಟಿಲ ಮೇಲೂ ದಾನಿಗಳ ಹೆಸರು ಕೊರೆದು ಬಣ್ಣ ತುಂಬಿದಾರೆ. ಅರ್ಧಕ್ಕರ್ಧ ‘ದಿವಂಗತ ಇಂಥವರ ಸ್ಮರಣಾರ್ಥ’. ನಮ್ಮವ್ವ ಓದ್ತಾಳೆ, ನಾಲ್ಕನೇ ಕ್ಲಾಸು. ಎರಡು ಮೆಟ್ಟಿಲು ಹತ್ತಿ ನಿಂತುಬಿಟ್ಲು. ‘ಸತ್ತೋರ ಹೆಸರು ತುಳ್ಕೊಂಡು ಹೆಂಗ್ ಹೋಗ್ಲೋ’ ಅಂದ್ಲು. ಅಲ್ಲಿಂದ ಮೇಲಿನವರೆಗೂ ಮೆಟ್ಟಿಲಿನ ಅಂಚಲ್ಲಿ, ಹೆಸರಿಲ್ಲದ ಒಂದು ಗೇಣು ಜಾಗದಲ್ಲಿ, ಗೋಡೆ ಹಿಡ್ಕೊಂಡು ಅಡ್ಡಡ್ಡ ಹತ್ತಿದ್ಲು. ನೋವಿರೋ ಮೊಣಕಾಲು ಅವಳದ್ದು. ಹಿಂದಿನ ಹುಡುಗ್ರು ‘ಅಜ್ಜಿ ಜಲ್ದಿ’ ಅಂತಿದ್ರು. ಮೇಲೆ ಹೋದ್ಮೇಲೆ ಮಂಟಪದ ಟ್ಯೂಬ್‌ಲೈಟು, ಫ್ಯಾನು, ಗಂಟೆ, ಕಬ್ಬಿಣದ ಬೀರು ಎಲ್ಲದಕ್ಕೂ ಹೆಸರು. ಒಂದು ಟ್ಯೂಬ್‌ಲೈಟಿಗಂತೂ ಈ ತುದಿಯಿಂದ ಆ ತುದಿವರೆಗೂ ಕೆಂಪು ಅಕ್ಷರದಲ್ಲಿ ಗಂಡ, ಹೆಂಡತಿ, ಮಕ್ಕಳು, ಊರು, ಅಂಗಡಿ ಹೆಸರು ಬರೆಸಿ, ಕೆಳಗೆ ಬೆಳಕೇ ಬೀಳ್ತಿರಲಿಲ್ಲ.

ಆದ್ರೆ ಕಲ್ಯಾಣಿಗೆ ಯಾರ ಹೆಸರೂ ಇಲ್ಲ ನೋಡ್ರಿ. ಮೆಟ್ಟಿಲ ತುಂಬ ಮಿಂದು ಬಿಟ್ಟುಹೋದ ಸೀರೆ, ಪಂಚೆ, ಬನಿಯನ್ನು. ಶಾಂಪೂ ಚೀಟಿಗಳು ನೀರಿನ ಅಂಚಿಗೆ ಸಾಲಾಗಿ ಅಂಟ್ಕೊಂಡಿದ್ವು. ಮೂಲೆಯಲ್ಲಿ ಕೊಳೆತ ಹೂವಿನ ಗುಡ್ಡೆ. ಶೌಚಾಲಯ ಕಟ್ಟಿದಾರೆ, ಬೀಗ ಹಾಕಿತ್ತು. ಹೆಣ್ಮಕ್ಕಳು ಬಂಡೆ ಹಿಂದೆ ಹೋಗಿಬಂದ್ರು.

ದಾಸೋಹದ ಬಗ್ಗೆ ಮಾತ್ರ ಎರಡು ಮಾತಿಲ್ಲ. ಗೋಧಿ ಹುಗ್ಗಿ, ಅನ್ನ ಸಾರು, ಬಿಸಿಬಿಸಿ. ಬಡಿಸ್ತಿದ್ದೋರು ಸುತ್ತಲ ಹಳ್ಳಿಯ ಹುಡುಗರು. ಊಟ ಆದ್ಮೇಲೆ ನೆಲ ಗುಡಿಸಿ ಒರೆಸಿದ್ದೂ ಅವರೇ, ಕಾಣಿಕೆ ಕೊಡೋಕೆ ಹೋದ್ರೆ ‘ಹುಂಡಿಗೆ ಹಾಕ್ರಿ’ ಅಂದ್ರು. ಅದೇ ಬೆಟ್ಟದಲ್ಲಿ ಅದೂ ಐತೆ.

ನನಗೆ ಬೇಕಾಗಿರೋದು ಇಷ್ಟು. ಇಂಥ ದೇವಸ್ಥಾನದ ಆದಾಯ, ಖರ್ಚು ನಮ್ಮಂಥೋರಿಗೆ ನೋಡೋಕೆ ಸಿಗುತ್ತಾ? ಯಾರನ್ನ ಕೇಳಬೇಕು, ತಹಶೀಲ್ದಾರರನ್ನೋ ಮುಜರಾಯಿ ಕಚೇರಿಯನ್ನೋ? ನಂಬರಿಲ್ಲದ ರಸೀದಿ ಕೊಡೋದು ನಡೆಯುತ್ತಾ? ದುಡ್ಡು ತಗೋಳ್ಳಿ, ಬೇಡ ಅನ್ನಲ್ಲ. ತಗೊಂಡ ದುಡ್ಡಲ್ಲಿ ಆ ಕಲ್ಯಾಣಿಗೆ ಒಬ್ಬ ಆಳು, ಶೌಚಾಲಯಕ್ಕೆ ಒಂದು ಬಕೆಟ್ ನೀರು ಯಾಕಾಗಲ್ಲ ಅಂತ ಕೇಳೋ ದಾರಿ ಯಾವುದು? ಬರೋ ವರ್ಷ ಅವ್ವನ ಹರಕೆ ಐತೆ, ಹೋಗಲೇಬೇಕು. ‘ಹೋಗಬೇಡಿ’ ಅನ್ನೋ ಸಲಹೆ ದಯವಿಟ್ಟು ಬೇಡ.

---

ಉಚ್ಚಂಗಿ ಭಕ್ತ

ದೇವಸ್ಥಾನಕ್ಕೆ ಹೋದೋರು ದೇವ್ರ ಮುಖ ನೋಡಬೇಕು, ರಸೀದಿ ನಂಬರ್ ಅಲ್ಲ. ಮಾಲಲ್ಲಿ ಪಾಪ್‌ಕಾರ್ನ್‌ಗೆ ಮುನ್ನೂರು ಕೊಡ್ತೀರಿ, ಅಲ್ಲಿ ಬಾಯಿ ಬಿಡಲ್ಲ. ದೇವ್ರ ಹತ್ರ ಬಂದಾಗ ಮಾತ್ರ ಲೆಕ್ಕಪತ್ರ ನೆನಪಾಗುತ್ತೆ. ಎಲ್ಲ ಅವನೇ ನೋಡ್ಕೊಳ್ತಾನೆ.

ಮಂಡಿ ಗುಮಾಸ್ತ

ಅಣ್ಣಾ, ಪಾಪ್‌ಕಾರ್ನಿಗೂ ಬಿಲ್ ಕೊಡ್ತಾರೆ, ನಂಬರ್ ಹಾಕಿ. ನಾನು ಅದನ್ನೇ ಹೇಳ್ತಿರೋದು.

---

ಹೂಕಾಯಿ ಅಂಗಡಿ

ಗುಮಾಸ್ತರೇ, ಬುಟ್ಟಿಗೆ ನೂರೈವತ್ತು ಅಂದ್ರಲ್ಲ, ಅದರ ಲೆಕ್ಕ ನಾನೇ ಕೊಡ್ತೀನಿ. ನಮ್ಮತ್ತೆ ಕಾಲದಿಂದ ಒಂದು ದೇವಸ್ಥಾನದ ಮುಂದೆ ನಮ್ಮದು ಹಣ್ಣುಕಾಯಿ ಅಂಗಡಿ. ನೀವು ಹೋದ ಬೆಟ್ಟ ಅಲ್ಲ, ಬೇರೆ.

ಅತ್ತೆ ಕಾಲದಲ್ಲಿ ನೆಲದ ಮೇಲೆ ಗೋಣಿಚೀಲ ಹಾಸಿ ಕೂರ್ತಿದ್ರು, ದಿನಕ್ಕೆ ಇಷ್ಟು ಅಂತ ನೆಲವಳಿ ಕೊಟ್ರೆ ಆಯ್ತು. ಈಗ ಮಳಿಗೆ ಕಟ್ಟಿದಾರೆ, ವರ್ಷಕ್ಕೊಮ್ಮೆ ಬಹಿರಂಗ ಹರಾಜು. ಬರೀ ಮಳಿಗೆ ಅಲ್ಲ. ಹಣ್ಣುಕಾಯಿ ಮಾರೋ ಹಕ್ಕು ಬೇರೆ ಹರಾಜು, ಒಡೆದ ಕಾಯಿ ಹೋಳು ಎತ್ಕೊಳ್ಳೋ ಹಕ್ಕು ಬೇರೆ, ಮುಡಿ ಕೂದಲು ಬೇರೆ, ಗಾಡಿ ಸುಂಕ ಬೇರೆ, ಚಪ್ಪಲಿ ಕಾಯೋದು ಬೇರೆ. ದೇವ್ರ ಅಂಗಳದಲ್ಲಿ ಹರಾಜಾಗದೆ ಉಳಿದಿರೋದು ನೆರಳು ಒಂದೇ. ಕೂಗೋವಾಗ ನಮ್ಮಂಥೋರು ಎರಡು ಸುತ್ತು ಕೂಗಬಹುದು, ಆಮೇಲೆ ಪಟ್ಟಣದಿಂದ ಬಂದ ಪಾರ್ಟಿ ಎತ್ಕೊಂಡು ಹೋಗುತ್ತೆ. ಅವರು ಕೌಂಟರಲ್ಲಿ ಕೂರೋರಲ್ಲ. ನಮಗೇ ಒಳಬಾಡಿಗೆಗೆ ಕೊಡ್ತಾರೆ, ಅವರ ಲಾಭ ಸೇರಿಸಿ. ಜನ ಬರೋದು ಸೋಮವಾರ, ಅಮಾವಾಸ್ಯೆ, ಜಾತ್ರೆ. ಉಳಿದ ದಿನ ನೊಣ ಹೊಡೀಬೇಕು. ವರ್ಷದ ಬಾಡಿಗೆ ಅಷ್ಟು ದಿನದಲ್ಲೇ ಎತ್ತಬೇಕು. ಜೊತೆಗೆ 2025ರಲ್ಲಿ ಕಾಯಿ ರೇಟು ಎಲ್ಲಿಗೆ ಹೋಯ್ತು ಅಂತ ಹೊಸದುರ್ಗದ ಕಡೆಯೋರನ್ನ ಕೇಳಿ. ಬುಟ್ಟಿಗೆ ನೂರೈವತ್ತು ತಗೊಂಡ್ರೂ ನಮಗೆ ಉಳಿಯೋದು ಅಷ್ಟರಲ್ಲೇ ಐತೆ.

ಹಗ್ಗ ಹಿಡಿದ ಹುಡುಗರೂ ಅಷ್ಟೇ, ಟೆಂಡರ್ ಹಿಡಿದೋನ ಕೂಲಿಗೆ ಬಂದೋರು. ಟೆಂಡರಲ್ಲಿ ದರ ಬರೆದಿರುತ್ತೆ. ಅದನ್ನ ಬೋರ್ಡ್ ಮೇಲೆ ಬರೆಸಿ ನಿಲ್ಲಿಸಿದ್ರೆ ಅರ್ಧ ಜಗಳ ಅಲ್ಲೇ ತೀರುತ್ತೆ. ನಮ್ಮಲ್ಲಿ ಬೋರ್ಡ್ ಇತ್ತು, ಜಾತ್ರೆ ಸಮಯದಲ್ಲಿ ಅದರ ಮೇಲೆ ಸ್ವಾಗತ ಕೋರೋ ಫ್ಲೆಕ್ಸ್ ಕಟ್ಟಿದ್ರು. ಜಾತ್ರೆ ಮುಗೀತು, ಫ್ಲೆಕ್ಸ್ ಅಲ್ಲೇ ಐತೆ.

ಕಸದ ವಿಷಯ ಮಾತ್ರ ನಮ್ಮದೂ ತಪ್ಪೈತೆ ಅಂತ ಬೇರೆ ಅಂಗಡಿಯೋರಿಗೂ ಹೇಳ್ತಾನೇ ಇರ್ತೀನಿ. ಪ್ಲಾಸ್ಟಿಕ್ ಕವರಲ್ಲಿ ಕರ್ಪೂರ, ಊದುಬತ್ತಿ ಹಾಕಿ ಕೊಡೋದು ನಾವೇ. ಬಿದಿರು ಬುಟ್ಟಿ ಕೊಟ್ರೆ ವಾಪಸ್ ಬರಲ್ಲ, ಅದಕ್ಕೆ ಎಲ್ರೂ ಕವರಿಗೆ ಇಳಿದ್ರು.

---

ಬಯಲುಸೀಮೆ ಅಕ್ಕ

ಶೌಚಾಲಯದ ವಿಷಯ ಎರಡೇ ಸಾಲಲ್ಲಿ ಮುಗಿಸಿಬಿಟ್ರಲ್ಲ ಅಣ್ಣ, ಗಂಡಸರು ಬರೆದಿದ್ದು ಅಂತ ಅಲ್ಲೇ ಗೊತ್ತಾಯ್ತು. ಬೆಳಿಗ್ಗೆ ಮೂರಕ್ಕೆದ್ದು ಉಪವಾಸ ಬಂದಿರ್ತೀವಿ, ಕಲ್ಯಾಣಿಯಲ್ಲಿ ಮುಳುಗಿ ಒದ್ದೆ ಸೀರೆಲೇ ಪ್ರದಕ್ಷಿಣೆ. ಬಟ್ಟೆ ಬದಲಾಯಿಸೋಕೆ ನಾಲ್ಕು ತಗಡು ಇರಲ್ಲ. ಒಬ್ಬರು ಸೀರೆ ಅಡ್ಡ ಹಿಡಿದು, ಇನ್ನೊಬ್ಬರು ಉಟ್ಕೊಂಡು, ಸುತ್ತ ಮೊಬೈಲ್ ಹಿಡ್ಕೊಂಡು ರೀಲ್ಸ್ ಮಾಡೋ ಹುಡುಗರು. ಮುಟ್ಟಿನ ದಿನ ಹತ್ರ ಇದ್ರಂತೂ ದೇವರೇ ಗತಿ. ಶೌಚಾಲಯ ಕಟ್ಟಿಸಿದ ಕಲ್ಲು ಐತೆ, ಉದ್ಘಾಟನೆ ಮಾಡಿದೋರ ಹೆಸರು ಐತೆ. ಬೀಗದ ಕೈ ಯಾರ ಹತ್ರ ಅಂತ ಮಾತ್ರ ಬರೆದಿಲ್ಲ. ಲೆಕ್ಕ ಕೇಳೋವಾಗ ಅದನ್ನ ಮೊದಲು ಕೇಳಿ.

---

ಹಳ್ಳಿ ಅರ್ಚಕ (ಹೊಳಲ್ಕೆರೆ ಸೀಮೆ)

ಗುಮಾಸ್ತರ ಪ್ರಶ್ನೆಗೆ ಗೊತ್ತಿದ್ದಷ್ಟು ಹೇಳ್ತೀನಿ. ನಮ್ಮದು ‘ಸಿ’ ದರ್ಜೆ ಗುಡಿ.

ಮುಜರಾಯಿ ದೇವಸ್ಥಾನಗಳು ನಡೆಯೋದು 1997ರ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ ಪ್ರಕಾರ. ವರ್ಷದ ಆದಾಯ 25 ಲಕ್ಷ ದಾಟಿದ್ರೆ ‘ಎ’, 5ರಿಂದ 25 ಲಕ್ಷ ‘ಬಿ’, 5 ಲಕ್ಷಕ್ಕಿಂತ ಕಮ್ಮಿ ಇದ್ರೆ ‘ಸಿ’. ರಾಜ್ಯದಲ್ಲಿ ಸುಮಾರು 34 ಸಾವಿರ ಮುಜರಾಯಿ ಗುಡಿ ಇದ್ರೆ ಎ, ಬಿ ಸೇರಿ ನಾನೂರರ ಆಸುಪಾಸು. ಮಿಕ್ಕಿದ್ದೆಲ್ಲ ನಮ್ಮಂಥವು. ನಮಗೆ ಬರೋದು ತಸ್ತೀಕು, ಅಂದ್ರೆ ಪೂಜೆ ಖರ್ಚಿಗೆ ಅಂತ ಸರ್ಕಾರ ಕೊಡೋ ದುಡ್ಡು. 2025ರ ಬಜೆಟ್‌ನಲ್ಲಿ ವರ್ಷಕ್ಕೆ 72 ಸಾವಿರ ಅಂತ ಏರಿಸಿದ್ರು, ತಿಂಗಳಿಗೆ ಆರು ಸಾವಿರ ಬಿತ್ತು. ಅದರಲ್ಲೇ ದೀಪದ ಎಣ್ಣೆ, ನೈವೇದ್ಯದ ಅಕ್ಕಿ, ಹೂವು, ನಮ್ಮ ಹೊಟ್ಟೆ. ಅರ್ಚಕರು ತಟ್ಟೆ ಮುಂದಕ್ಕೆ ತಳ್ತಾರೆ ಅಂತ ಬೈಯೋರು ಒಂದ್ಸಲ ಈ ಭಾಗಾಕಾರ ಮಾಡಿ ನೋಡಲಿ. ದೊಡ್ಡ ಗುಡಿಯಲ್ಲಿ ತಟ್ಟೆ ತಳ್ಳೋರಿಗೆ ನಾನು ವಕಾಲತ್ತು ಹಾಕಲ್ಲ, ಅದು ಬೇರೆ ಕಥೆ.

ನೀವು ಹೇಳಿದ ಬೆಟ್ಟಕ್ಕೆ ಅಷ್ಟು ಜನ ಬರ್ತಾರೆ ಅಂದ್ರೆ ‘ಎ’ ದರ್ಜೆಯೇ ಇರಬೇಕು. ಅಂಥ ಕಡೆ ಕಾರ್ಯನಿರ್ವಾಹಕ ಅಧಿಕಾರಿ ಇರ್ತಾರೆ. ಸರ್ಕಾರಿ ನೌಕರರು, ಲೆಕ್ಕಕ್ಕೆ ಬಾಧ್ಯರು. ಜೊತೆಗೆ ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿ, ಮೂರು ವರ್ಷದ ಅವಧಿ. ಪ್ರಧಾನ ಅರ್ಚಕರು ಒಬ್ಬರು, ಪರಿಶಿಷ್ಟರು ಒಬ್ಬರಾದರೂ, ಹೆಣ್ಮಕ್ಕಳು ಇಬ್ಬರು, ಸ್ಥಳೀಯರು ಒಬ್ಬರು ಇರಲೇಬೇಕು. ಮೇಲಿನ ಅಕ್ಕ ಶೌಚಾಲಯದ ಬಗ್ಗೆ ಬರೆದ್ರಲ್ಲ, ಸಮಿತಿಯ ಆ ಇಬ್ಬರು ಹೆಣ್ಮಕ್ಕಳು ಯಾರು ಅಂತ ತಿಳ್ಕೊಂಡು ಅವರನ್ನೇ ಮಾತಾಡಿಸಿ. ಎಷ್ಟೋ ಕಡೆ ಸಭೆಗೆ ಅವರ ಬದಲು ಗಂಡಂದಿರು ಬಂದು ಕೂರ್ತಾರೆ, ಅದನ್ನೂ ನೋಡಿದೀನಿ.

ಹುಂಡಿ ವಿಷಯದಲ್ಲಿ ಅಷ್ಟು ಅನುಮಾನ ಬೇಡ. ಎಣಿಕೆ ಅಧಿಕಾರಿಗಳ ಎದುರಿಗೆ, ಬ್ಯಾಂಕಿನೋರು ಕೂತು ಆಗುತ್ತೆ, ಮೊತ್ತ ಮಾರನೇ ದಿನ ಪೇಪರಲ್ಲಿ ಬರುತ್ತೆ. ಸೋರಿಕೆ ಇರೋದು ನಿಮ್ಮ ಕಣ್ಣಿಗೆ ಬಿದ್ದ ಜಾಗದಲ್ಲೇ. ಸೇವಾ ಕೌಂಟರಿನ ಕೈಬರಹದ ಪುಸ್ತಕ. ಕಂಪ್ಯೂಟರ್ ರಸೀದಿ ಬಂದ ಕಡೆ ತಾನಾಗೇ ಕಮ್ಮಿ ಆಗಿದೆ. ಗುಲಾಬಿ ಚೀಟಿ ಗುತ್ತಿಗೆದಾರನದ್ದು, ಅದು ದೇವಸ್ಥಾನದ ಖಾತೆಗೆ ಬರೋದೇ ಇಲ್ಲ. ಹರಾಜಿನ ಮೊತ್ತ ಮಾತ್ರ ಬರುತ್ತೆ. ದರ್ಶನದ ರಸೀದಿ ಹಂಗಲ್ಲ, ಅದು ದೇವಸ್ಥಾನದ್ದೇ. ಆದ್ದರಿಂದ ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಬೇಡಿ.

ಮೊದಲು ಕಾರ್ಯನಿರ್ವಾಹಕ ಅಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಅದರ ಪ್ರತಿ ಜಿಲ್ಲಾಧಿಕಾರಿ ಕಚೇರಿಯ ಮುಜರಾಯಿ ಶಾಖೆಗೆ. ಮಾತಲ್ಲಿ ಹೇಳಿದ್ರೆ ಅರ್ಚಕರ ಮೇಲೆ ಬಂದು ನಿಲ್ಲುತ್ತೆ, ಬರಹದಲ್ಲಿ ಕೊಟ್ರೆ ಕಡತಕ್ಕೆ ಹೋಗುತ್ತೆ.

---

ಹೊಳೆದಂಡೆ ಮೇಷ್ಟ್ರು (ಹರಿಹರ)

ನಿವೃತ್ತ ಮೇಷ್ಟ್ರು, ಸ್ವಲ್ಪ ಉದ್ದ ಬರೀತೀನಿ, ಕ್ಷಮೆ ಇರಲಿ. ದುಡ್ಡಿನ ಲೆಕ್ಕ ಅರ್ಚಕರು ಹೇಳಿದ್ರು. ನನ್ನ ಸಂಕಟ ಆ ಗ್ರಾನೈಟ್ ಮೆಟ್ಟಿಲಿನದು.

ನಮ್ಮ ಹರಿಹರೇಶ್ವರ ದೇವಸ್ಥಾನ 1224ರಲ್ಲಿ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. 1268ರಲ್ಲಿ ಸೋಮ ದಂಡನಾಯಕ ಅದನ್ನ ಇನ್ನಷ್ಟು ಬೆಳೆಸಿದ. ಅವರೂ ದಾನಿಗಳೇ, ಅವರೂ ಹೆಸರು ಬರೆಸಿದಾರೆ, ಇಲ್ಲ ಅಂತಲ್ಲ. ಆದ್ರೆ ಬರೆಸಿದ್ದು ಶಾಸನದ ಕಲ್ಲಿನ ಮೇಲೆ, ಬೇಕಾದೋರು ನಿಂತು ಓದಲಿ ಅಂತ. ನಿಮ್ಮ ತಾಯಿ ಅಂಚಲ್ಲಿ ಹತ್ತಿದ್ದು ಓದಿ ನನ್ನ ಮನೆಯವರು ‘ಸರಿಯಾಗೇ ಮಾಡಿದಾರೆ’ ಅಂದ್ರು.

ನಮ್ಮ ಹರಿಹರದಲ್ಲಿ ಪೂಜೆಯ ವ್ಯವಸ್ಥೆ ಒಬ್ಬರದು, ಕಲ್ಲಿನ ಜವಾಬ್ದಾರಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, ಅದರ 2010ರ ತಿದ್ದುಪಡಿ ಪ್ರಕಾರ ಸುತ್ತ ನೂರು ಮೀಟರ್ ಹೊಸ ಕಟ್ಟಡ ಕೂಡದು, ಅದರಾಚೆ ಇನ್ನೂರು ಮೀಟರ್ ಅನುಮತಿ ಬೇಕು. ಅಕ್ಕಪಕ್ಕದ ಮನೆಯವರು ಬೈಕೊಳ್ತಾರೆ, ಒಂದು ಮಹಡಿ ಎತ್ತೋಕಾಗಲ್ಲ ಅಂತ. ಅವರ ಕಷ್ಟವೂ ನಿಜ. ಆದ್ರೆ ಆ ಕಾಯ್ದೆ ಇರೋದರಿಂದಲೇ ಮಂಟಪದ ಕಂಬಕ್ಕೆ ಯಾರೂ ಹಳದಿ ಎನಾಮೆಲ್ ಬಳಿದಿಲ್ಲ. ಸಂತೇಬೆನ್ನೂರಿನ ಪುಷ್ಕರಣಿಯೂ ಹಂಗೇ ಉಳೀತು. 16ನೇ ಶತಮಾನದ್ದು, ನೀರಿನ ನಡುವೆ ಆ ಮಂಟಪ ನಿಂತಿರೋದು ನೋಡಿದ್ರೆ ಹೊಟ್ಟೆ ತಣ್ಣಗಾಗುತ್ತೆ.

ರಕ್ಷಣೆ ಪಟ್ಟಿಗೆ ಸೇರದ ಹಳ್ಳಿ ಗುಡಿಗಳದ್ದೇ ಅವಸ್ಥೆ. ನಮ್ಮ ತಾಲ್ಲೂಕಿನ ಒಂದು ಹಳೇ ಕಲ್ಲುಗುಡಿಗೆ ‘ಜೀರ್ಣೋದ್ಧಾರ’ ಆಯ್ತು. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಟೈಲ್ಸ್ ಕೂರಿಸೋಕೆ ಅಡಿಗೆ ಜಲ್ಲಿ, ಸಿಮೆಂಟು ಹಾಕಿ ನೆಲ ಐದಾರು ಇಂಚು ಎತ್ತಿದ್ರು. ಕಂಬದ ಪೀಠದಲ್ಲಿದ್ದ ಸಿಂಹದ ಕೆತ್ತನೆ ಅರ್ಧ ಹೂತುಹೋಯ್ತು, ಈಗ ಬರೀ ಕಿವಿ, ಜೂಲು ಕಾಣುತ್ತೆ. ಅದಕ್ಕಿಂತ ಕೆಟ್ಟದ್ದು, ಅಭಿಷೇಕದ ನೀರು ಹೊರಗೆ ಹೋಗೋ ಪ್ರಣಾಲ ಇತ್ತಲ್ಲ, ಅದರ ಬಾಯಿ ನೆಲದ ಮಟ್ಟಕ್ಕಿಂತ ಕೆಳಗಾಯ್ತು. ನೀರು ಹೋಗೋ ದಾರಿ ಇಲ್ಲದೆ ಗೋಡೆ ಬುಡಕ್ಕೆ ಇಳೀತು. ಗೋಡೆಗೆ ಆಗಲೇ ಎಣ್ಣೆ ಬಣ್ಣ ಬಳಿದಿದ್ರು, ಒಳಗಿನ ತೇವ ಹೊರಗೆ ಬರೋ ಹಂಗಿಲ್ಲ. ಎರಡು ಮಳೆಗಾಲ ಕಳೀತು, ಬಣ್ಣ ಗುಳ್ಳೆ ಎದ್ದು ಪದರ ಪದರ ಬಿಚ್ಚಿ ಬರ್ತಾ ಐತೆ, ಜೊತೆಗೆ ಬಳಪದ ಕಲ್ಲಿನ ಮೇಲ್ಪದರವೂ. ಕೆರೆದ್ರೆ ಉಗುರಲ್ಲೇ ಪುಡಿ ಬರುತ್ತೆ. ಇದಕ್ಕೆ ಊರೋರು ದುಡ್ಡು ಕೂಡಿಸಿ ಲಕ್ಷಗಟ್ಟಲೆ ಖರ್ಚು ಮಾಡಿದಾರೆ, ಭಕ್ತಿಯಿಂದಲೇ. ಒಬ್ಬ ಕಲ್ಲುಕುಟಿಗನನ್ನ ಕೇಳಿದ್ರೆ ಬಿಟ್ಟಿ ಹೇಳ್ತಿದ್ದ.

ಇನ್ನು ಹೊಳೆ, ಕಲ್ಯಾಣಿ ಬಗ್ಗೆ. 2025ರ ಮಾರ್ಚ್‌ನಲ್ಲಿ ಅರಣ್ಯ, ಪರಿಸರ ಸಚಿವರು ಒಂದು ಸೂಚನೆ ಕೊಟ್ಟಿದ್ರು: ತೀರ್ಥಕ್ಷೇತ್ರಗಳಲ್ಲಿ ನದಿ, ಕೆರೆ, ಕಲ್ಯಾಣಿಯ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು, ಮಿಂದ ಬಟ್ಟೆ ನೀರಲ್ಲಿ ಬಿಡದಂಗೆ ನೋಡ್ಕೋಬೇಕು ಅಂತ. ನಿಮ್ಮ ದೂರಿಗೆ ಇದನ್ನ ಸೇರಿಸಿ. ಹೊಸದೇನೋ ಕೇಳ್ತಿದೀರಿ ಅನ್ನೋ ನೆಪ ಹೇಳೋಕಾಗಲ್ಲ.

---

ದುರ್ಗದ ಬಂಡೆ

ಮೇಷ್ಟ್ರೇ, ನಮ್ಮ ಚಿತ್ರದುರ್ಗದ ಕೋಟೆಗೂ ಟಿಕೆಟ್ ಐತೆ. ಒಳಗೆ ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಏಕನಾಥೇಶ್ವರಿ ಎಲ್ಲ ಇದಾರೆ. ಟಿಕೆಟ್ ತಗೊಂಡು ಹತ್ತಿದೋರು ಯಾರೂ ‘ದೇವ್ರನ್ನ ಮಾರ್ತಾರೆ’ ಅಂದಿದ್ದು ನಾನು ಕೇಳಿಲ್ಲ, ಯಾಕಂದ್ರೆ ನಮ್ಮ ದೇಶದೋರಿಗೆಲ್ಲ ಒಂದೇ ಟಿಕೆಟ್ಟು, ಒಂದೇ ದಾರಿ.

ಇನ್ನೊಂದು. ನಾಯಕನಹಟ್ಟಿ ತೇರಲ್ಲಿ ಮುಕ್ತಿ ಬಾವುಟ ಹರಾಜು ಹಾಕ್ತಾರಲ್ಲ, ಲಕ್ಷ ಲಕ್ಷಕ್ಕೆ ಹೋಗುತ್ತೆ. ಅದನ್ನ ವ್ಯಾಪಾರ ಅಂತ ಯಾರೂ ಮೂಗು ಮುರಿಯಲ್ಲ. ತೇರಿನ ಮುಂದೆ, ಜನ ಕಿಕ್ಕಿರಿದಿರೋ ಹೊತ್ತಲ್ಲಿ ಕೂಗ್ತಾರೆ. ಯಾರು ಹಿಡಿದ್ರು, ಎಷ್ಟಕ್ಕೆ ಹಿಡಿದ್ರು ಅಂತ ಹೊತ್ತು ಮುಳುಗೋದರೊಳಗೆ ಚಳ್ಳಕೆರೆ ಟೀ ಅಂಗಡಿವರೆಗೂ ಗೊತ್ತಾಗುತ್ತೆ. ‘ಮಾಡಿದಷ್ಟು ನೀಡು ಭಿಕ್ಷೆ’ ಅಂದ ಆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯನ್ನ ನಮ್ಮ ಕಡೆ ಜನ ನೆನೆಯೋದು ಕೆರೆ ಕಟ್ಟಿಸಿದ್ದಕ್ಕೆ. ಅಂಥ ಸೀಮೆಯಲ್ಲಿ ಒಂದು ಕಲ್ಯಾಣಿ ಹೂಳು ತೆಗೆಸೋಕೆ ದಾನಿ ಸಿಗಲ್ಲ, ಟ್ಯೂಬ್‌ಲೈಟಿಗೆ ಸಿಗ್ತಾರೆ.

ಗುಮಾಸ್ತರೇ, ಮಾಹಿತಿ ಹಕ್ಕಿನಲ್ಲಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮ ಒಂದು ನೆನಪಿರಲಿ: ಒಂದು ಅರ್ಜಿ, ಒಂದೇ ವಿಷಯ, 150 ಪದ ಮೀರಬಾರದು. ನಿಮ್ಮ ಪ್ರಶ್ನೆ ಬರೆದ ಧಾಟಿಯಲ್ಲೇ ಬರೆದ್ರೆ ಅದೊಂದೇ ಕಾರಣಕ್ಕೆ ವಾಪಸ್ ಬರುತ್ತೆ 😄

---

ಮಂಡಿ ಗುಮಾಸ್ತ

ಎಲ್ಲರಿಗೂ ದೊಡ್ಡ ಶರಣು. ಅಂಗಡಿ ಅಕ್ಕ ಬರೆದಿದ್ದು ಓದಿದ್ಮೇಲೆ ಬುಟ್ಟಿ ರೇಟಿನ ಮಾತು ಬಿಟ್ಟೆ. ಕಾಯಿ ಹೋಳಿಗೂ ಬೇರೆ ಹರಾಜು ಅನ್ನೋದು ಗೊತ್ತಿರಲಿಲ್ಲ. ಹೊರಗೆ ತೆಂಗಿನಕಾಯಿ ಒಂದು ಸಲ, ಒಳಗೆ ಅದೇ ಕಾಯಿ ಇನ್ನೊಂದು ಸಲ ಮಾರಾಟ ಆಗುತ್ತೆ ಅಂತಾಯ್ತು!

ಉಚ್ಚಂಗಿ ಅಣ್ಣ ಹೇಳಿದ ಮಾತೇ ನಮ್ಮವ್ವನೂ ಹೇಳ್ತಾಳೆ, ‘ಅವ ಎಲ್ಲಾ ನೋಡ್ತಾನೆ ಬಿಡೋ’ ಅಂತ. ಅವಳ ಬಾಯಲ್ಲಿ ಬಂದ್ರೆ ನಂಗೆ ತಕರಾರಿಲ್ಲ. ಕೌಂಟರಲ್ಲಿ ಕೂತೋನ ಬಾಯಲ್ಲಿ ಬಂದ್ರೆ ಐತೆ.

ಅರ್ಜಿ ಹಿಂಗೆ ಬರೆದೀನಿ, ನೋಡಿ ತಿದ್ದಿ: ‘ವಿಶೇಷ ದರ್ಶನದ ರಸೀದಿಗೆ ಕ್ರಮಸಂಖ್ಯೆ ಯಾಕೆ ಹಾಕುತ್ತಿಲ್ಲ, ಕಳೆದ ಸಾಲಿನಲ್ಲಿ ಎಷ್ಟು ಹಣ ಬಂದಿದೆ, ಕಲ್ಯಾಣಿ ಮತ್ತು ಶೌಚಾಲಯ ಯಾಕೆ ಸ್ವಚ್ಛ ಮಾಡಿಸುತ್ತಿಲ್ಲ ಎಂಬ ಬಗ್ಗೆ ಮಾಹಿತಿ ಒದಗಿಸಬೇಕು.’

ದುರ್ಗದ ಬಂಡೆ

‘ಯಾಕೆ’ ಎರಡೂ ತೆಗೀರಿ. ಮಾಹಿತಿ ಹಕ್ಕಿನಲ್ಲಿ ಕಡತದಲ್ಲಿ ಇರೋದನ್ನ ಕೊಡ್ತಾರೆ, ಕಾರಣ ಹೇಳಲ್ಲ. ಪ್ರತಿ ಕೇಳಿ. ರಸೀದಿ ಪುಸ್ತಕ ಅಚ್ಚು ಹಾಕಿಸಿದ ಬಿಲ್ಲು, ಪುಸ್ತಕಗಳ ದಾಸ್ತಾನು ವಹಿ, ದಿನವಹಿ. ಎಷ್ಟು ಪುಸ್ತಕ ಅಚ್ಚಾಯ್ತು, ಎಷ್ಟು ಖರ್ಚಾಯ್ತು ಅಂತ ಸಿಕ್ಕಿದ್ರೆ ಮಿಕ್ಕಿದ್ದು ನೀವೇ ಲೆಕ್ಕ ಹಾಕ್ತೀರಿ, ನಿಮ್ಮ ಕಸುಬೇ ಅದಲ್ವಾ. ಕಲ್ಯಾಣಿ, ಶೌಚಾಲಯ ಬೇರೆ ವಿಷಯ, ಅದಕ್ಕೆ ಬೇರೆ ಅರ್ಜಿ, ಇನ್ನೊಂದು ಹತ್ತು ರೂಪಾಯಿ.

ಬಯಲುಸೀಮೆ ಅಕ್ಕ

ಶೌಚಾಲಯದ ಅರ್ಜಿ ನಾನು ಹಾಕ್ತೀನಿ. ನಮ್ಮ ಸಂಘದಲ್ಲಿ ಇಬ್ಬರು ಹೋದ ಅಮಾವಾಸ್ಯೆ ಅಲ್ಲಿಗೇ ಹೋಗಿಬಂದಿದಾರೆ, ಬೀಗ ಹಾಕಿರೋ ಫೋಟೋ ಐತೆ. ನೀವು ರಸೀದಿ ನೋಡ್ಕೊಳ್ಳಿ.

ಮಂಡಿ ಗುಮಾಸ್ತ

ಆಗಲಿ ಅಕ್ಕ. ದಾಸ್ತಾನು ವಹಿ ನನಗೆ ಹೊಳೆದೇ ಇರಲಿಲ್ಲ ಬಂಡೆಯವರೇ, ನಮ್ಮ ಮಂಡಿಗೆ ಲೆಕ್ಕ ತಪಾಸಣೆಯವರು ಬಂದ್ರೆ ಮೊದಲು ಕೇಳೋದೂ ಅದನ್ನೇ. ತಿದ್ದಿ ಬರೆದೆ, 64 ಪದ ಆಯ್ತು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಸೋಮವಾರ ಸ್ಪೀಡ್ ಪೋಸ್ಟಿಗೆ ಹಾಕ್ತೀನಿ. ಉತ್ತರ ಬಂದ್ರೆ, ಬರದಿದ್ರೂ, ಇಲ್ಲೇ ಹಾಕ್ತೀನಿ.